ತುದಿ ಕೊಯ್ಯದ ಹೊಂಬಾಳೆ

"ಗುರುಗಳೇ, ಒಮ್ಮೆ ಬಂದ ಹಾಡು ಮತ್ತೆ ಏಕೆ ಬರುವುದಿಲ್ಲ?" ಎಂದು ಸಂಕಣ್ಣ ಕೇಳಿದ.

ಸಂಕಣ್ಣ ಮಠದಲ್ಲಿ ಪದ ಕಟ್ಟುವ ಶಿಷ್ಯ. ನಾಲ್ಕು ತಿಂಗಳ ಹಿಂದೆ ಅವನು ಕಟ್ಟಿದ ಒಂದು ಪದವನ್ನು ಊರಿಗೆ ಊರೇ ಹಾಡಿತ್ತು. ಅಂದಿನಿಂದ ಅವನಿಗೆ ಒಂದು ಸಾಲೂ ಹುಟ್ಟಿರಲಿಲ್ಲ. ಇನ್ನು ಹಾಡಿನ ಸಹವಾಸ ಸಾಕೆಂದು, ಮಠ ಬಿಟ್ಟು ಹೋಗಲು ಅಪ್ಪಣೆ ಬೇಡಲು ಬಂದಿದ್ದ.

"ಹೋಗುವುದಾದರೆ ಹೋಗು, ನಾನೇನು ಕಟ್ಟಿ ಹಾಕಿದ್ದೇನೆಯೇ? ಒಂದು ಕತೆ ಕೇಳಿ ಹೋಗು" ಎಂದರು ಗುರುಗಳು.

"ಒಬ್ಬ ರೈತನಿದ್ದ. ಬೆಲ್ಲ ಕಾಯಿಸಲು ತೆಂಗಿನ ಮರದಿಂದ ಸಿಹಿರಸ ಇಳಿಸುವುದನ್ನು ಹೊಸದಾಗಿ ಕಲಿತಿದ್ದ. ಬೆಲ್ಲಕ್ಕೆ ಎಂದೆ, ಹೆಂಡಕ್ಕೆ ಎನ್ನಲಿಲ್ಲ, ಮೂಗು ಮುರಿಯಬೇಡ. ಮರ ರಸ ಕೊಟ್ಟರೆ ಅವನ ಮಕ್ಕಳಿಗೆ ಗಂಜಿ, ಇಲ್ಲದಿದ್ದರೆ ಇಲ್ಲ. ಇನ್ನೂ ಅರಳದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದ. ದಿನವೂ ಮರ ಹತ್ತಿ ಅದನ್ನು ಕೊಡತಿಯಿಂದ ಮೆಲ್ಲಗೆ ಬಡಿದ, ತುದಿಯನ್ನು ತೆಳ್ಳಗೆ ಕೊಯ್ದ. ಎಂಟು ದಿನ ಏನೂ ಬರಲಿಲ್ಲ. ಅವನೂ ಬಿಡಲಿಲ್ಲ. ಒಂಬತ್ತನೆಯ ದಿನ ತುದಿಗೆ ಕಟ್ಟಿದ್ದ ಮಡಕೆ ತುಂಬಿ ಚೆಲ್ಲಿತು. ಊರವರು ಬಂದು ನೋಡಿ ಭಲೇ ಎಂದರು. ಅಲ್ಲಿಗೆ ಅವನ ಬುದ್ಧಿ ಕೆಟ್ಟಿತು.

ಇಷ್ಟು ಚೆನ್ನಾಗಿ ಬರುತ್ತಿದೆ, ಇನ್ನು ಕತ್ತಿ ತಾಗಿಸಿದರೆ ಹಾಳಾದೀತು ಎಂದುಕೊಂಡ. ಮರುದಿನ ಕತ್ತಿಯಿಲ್ಲದೆ ಹತ್ತಿದ. ಅರ್ಧ ಮಡಕೆ ಸಿಕ್ಕಿತು. ಅದರ ಮರುದಿನ ನಾಲ್ಕು ಹನಿ. ಮೂರನೆಯ ದಿನ ಅದೂ ಇಲ್ಲ. ಅಯ್ಯೋ, ಅವನು ಮಾಡದ ಕೆಲಸವಿಲ್ಲ! ಮರಕ್ಕೆ ಅರಿಸಿನ ಕುಂಕುಮ ಹಚ್ಚಿದ, ಕಾಯಿ ಒಡೆದ, ಮಡಕೆ ಬದಲಿಸಿದ, ಯಾರದೋ ಕಣ್ಣು ತಾಗಿತೆಂದು ದೃಷ್ಟಿ ತೆಗೆಸಿದ. ಕತ್ತಿಯೊಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟಿದ. ಮನೆಯಲ್ಲಿ ಮಕ್ಕಳು ಹಸಿದು ಅಳುತ್ತಿದ್ದರು.

ಕೊನೆಗೆ, ಮರ ಹತ್ತಿ ಹತ್ತಿಯೇ ಮುದುಕನಾದ ಒಬ್ಬನನ್ನು ಪಕ್ಕದ ಊರಿನಿಂದ ಕರೆತಂದ. ಮುದುಕ ಮೇಲೆ ಹೋಗಿ ಹೊಂಬಾಳೆ ನೋಡಿ ಅಲ್ಲಿಂದಲೇ ಕೂಗಿದ. 'ಅಲ್ಲಯ್ಯಾ, ಕೊಯ್ದ ಬಾಯಿ ಒಣಗಿ ಮುಚ್ಚಿಕೊಂಡಿದೆ. ದಿನವೂ ಏಕೆ ಕೊಯ್ಯಲಿಲ್ಲ?'

'ಕೆಟ್ಟುಹೋದೀತೆಂದು ಹೆದರಿದೆ, ಅಜ್ಜ.'

'ನಿನ್ನೆ ಕೊಯ್ದ ಬಾಯಿಂದ ಇಂದು ರಸ ಬರುತ್ತದೇನಯ್ಯಾ?' ಮುದುಕ ಬೈಯುತ್ತಲೇ ಒಂದು ಬೆರಳಿನಷ್ಟು ಕೊಯ್ದು ಕೆಳಗೆ ಎಸೆದ. ಸಂಜೆ ಮತ್ತೊಂದು ಚೂರು ಕೊಯ್ದ. ಬೆಳಗಾಗುವಾಗ ತುದಿಯಲ್ಲಿ ಹನಿ ಕಂಡಿತು. ರೈತ ಮರದ ಮೇಲೆಯೇ ಅತ್ತುಬಿಟ್ಟ. ಮರ ಬತ್ತಿರಲಿಲ್ಲ."

ಸಂಕಣ್ಣ ಉಸ್ಸೆಂದು ಉಸಿರು ಬಿಟ್ಟ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಎದೆ ಹಗುರವಾಗಿತ್ತು. "ನಿಜ, ಗುರುಗಳೇ. ಆ ಪದದಷ್ಟು ಚೆನ್ನಾಗಿ ಬರದಿದ್ದರೆ ಎಂದು ಹೆದರಿ ನಾನು ಕಟ್ಟಲು ಕೂರುವುದನ್ನೇ ಬಿಟ್ಟಿದ್ದೆ. ನಾಳೆಯಿಂದ ದಿನವೂ ಕೂರುತ್ತೇನೆ" ಎಂದ. ಮತ್ತೆ ಕೇಳಿದ. "ಆದರೆ ದಿನವೂ ಕೂತರೆ ಕೆಟ್ಟ ಸಾಲುಗಳೂ ಬಂದಾವು. ಜನ ಏನೆಂದಾರು?"

ಗುರುಗಳು ನಕ್ಕರು. "ಮರದಡಿ ಬಿದ್ದ ಚೂರುಗಳನ್ನು ಎಣಿಸಿ ಯಾರಾದರೂ ಬೆಲ್ಲ ತಿನ್ನುತ್ತಾರೇನೋ?"