ಚಿನ್ನದ ಬಣ್ಣದ ಅಂತಸ್ತು

ಜಪಾನಿನ ಒಂದು ಬೆಟ್ಟದೂರು. ಕೊಯ್ಲು ಮುಗಿದು ದೇವರ ಉತ್ಸವ ಹತ್ತಿರ ಬಂದಿತ್ತು. ಉತ್ಸವದ ಬಂಡಿ ಪಕ್ಕದೂರಿನದಕ್ಕಿಂತ ಎತ್ತರವಿರಬೇಕೆಂದು ಅಧಿಕಾರಿ ಕುರೊದಾ ಹಟ ಹಿಡಿದ. ವಾಲುತ್ತದೆ ಎಂದ ಮುದಿ ಬಡಗಿಯನ್ನು ಗದರಿಸಿ, ಚಿನ್ನದ ಬಣ್ಣದ ಇನ್ನೊಂದು ಅಂತಸ್ತು ಕಟ್ಟಿಸಿದ. ಉತ್ಸವದ ಹಿಂದಿನ ದಿನ ಎಳೆದು ನೋಡುವಾಗ ಬಂಡಿ ತಿರುವಿನಲ್ಲಿ ವಾಲಿತು. ಹಗ್ಗ ಹಿಡಿದಿದ್ದ ಯಾಸುಕೆ ಎಂಬ ಯುವಕ ಚಕ್ರಕ್ಕೆ ಸಿಕ್ಕಿ ಸತ್ತ.

ಎಳೆಯುವವರು ಹಗ್ಗ ಬಿಟ್ಟು ನಿಂತರು. ಕುರೊದಾ ಕಣ್ಣೊರೆಸಿಕೊಂಡ.

"ನೀವೆಲ್ಲ ನನ್ನ ಮಕ್ಕಳು. ಯಾಸುಕೆಯೂ ನನ್ನ ಮಗನೇ. ಆದರೆ ನಾಳೆ ಇದೇ ಬಂಡಿ ಹೊರಡಬೇಕು. ನಾನೇ ಮುಂದೆ ನಡೆಯುತ್ತೇನೆ."

ಬಡಗಿ ಸೊಂಟ ಬಗ್ಗಿಸಿ ವಂದಿಸಿದ.

"ದಣಿಗಳೇ, ಮಗ ಸತ್ತರೆ ಅಪ್ಪನಿಗೆ ಐವತ್ತು ದಿನ ಸೂತಕ. ಸೂತಕದವರು ದೇವರ ಬಾಗಿಲು ದಾಟುವಂತಿಲ್ಲ, ಉತ್ಸವದ ಮಾತೆತ್ತುವಂತಿಲ್ಲ. ಅವನು ನಿಮ್ಮ ಮಗನಲ್ಲ ಅನ್ನುವುದಾದರೆ ಇವರೆದುರೇ ಹೇಳಿಬಿಡಿ."

ಇನ್ನೂರು ಜನ ಕುರೊದಾನ ಮುಖವನ್ನೇ ನೋಡುತ್ತಿದ್ದರು. ಅವನು ಸೂತಕದವನಂತೆ ಮನೆಗೆ ಹೋಗಿ ಕದ ಹಾಕಿಕೊಂಡ.

ಬಡಗಿ ಅಂದೇ ಮೇಲಿನ ಅಂತಸ್ತು ಬಿಚ್ಚಿ, ಆ ಹಲಗೆಗಳಿಂದಲೇ ಯಾಸುಕೆಗೆ ಶವಪೆಟ್ಟಿಗೆ ಮಾಡಿದ. ಚಿನ್ನದ ಬಣ್ಣ ಒಳಗಡೆ ಬರುವಂತೆ ಜೋಡಿಸಿದ.

"ಊರು ನೋಡಿದ್ದು ಸಾಕು," ಅಂದ. "ಇನ್ನು ಅವನೊಬ್ಬನೇ ನೋಡಲಿ."