ಸಿಮೆಯೋನಯ್ಯನವರು ಬಿಟ್ಟುಕೊಟ್ಟ ಜಾಗ

ಕರಡಿಗೇರಿಯ ಲೂಥರನ್ ಸಭೆಯ ಪಾಲಕರಾಗಿದ್ದ ಪೂಜ್ಯ ಸಿಮೆಯೋನಯ್ಯನವರು ದೇವಾಲಯದ ಹಿಂದಿನ ಒಂದೇ ಅಂಕಣದ ಮಣ್ಣಿನ ಮನೆಯಲ್ಲಿ ವಾಸವಾಗಿದ್ದರು. ಬೆಳಗಿನ ಪ್ರಾರ್ಥನೆ ಮುಗಿಸಿ ಕಟ್ಟೆಯ ಮೇಲೆ ಕುಳಿತರೆಂದರೆ ಕೈಯಲ್ಲಿ ದಬ್ಬಳ, ತೊಡೆಯ ಮೇಲೆ ಯಾರೋ ಬಡವರ ಹರಿದ ಚಪ್ಪಲಿ. ಅವರ ತಂದೆ ಇದೇ ಊರಿನಲ್ಲಿ ಚಪ್ಪಲಿ ಹೊಲಿದು ಬದುಕಿದವರು. ಮಗ ನಿಲುವಂಗಿ ತೊಟ್ಟ ಮೇಲೂ ಆ ಕಸುಬನ್ನು ಮುಚ್ಚಿಡಲಿಲ್ಲ. ಶಿಷ್ಯರ ಪಾದ ತೊಳೆದ ಕರ್ತನ ಸೇವಕನು ಪಾದರಕ್ಷೆ ಹೊಲಿದರೆ ತಪ್ಪೇನು ಎಂದು ನಗುತ್ತಿದ್ದರಂತೆ.

ಸಭೆಯಲ್ಲಿ ಎಲ್ಲರಿಗೂ ಈ ನಗು ಹಿಡಿಸುತ್ತಿರಲಿಲ್ಲ. ಸಭೆಯ ಹಿರಿಯರಲ್ಲಿ ಒಬ್ಬನಾದ, ಮನೆ ತುಂಬ ಮಗ್ಗಗಳಿದ್ದ ಕರ್ನೇಲಪ್ಪನಿಗಂತೂ ಅದು ಮೈಗೆ ಮುಳ್ಳು ಚುಚ್ಚಿದಂತೆ ಆಗುತ್ತಿತ್ತು. ಅವನ ಅಜ್ಜ ಕರ್ತನ ಹತ್ತಿರ ಬರುವಾಗ ಜಾತಿಯನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದ. ಮೊಮ್ಮಗನ ತನಕ ಆ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ.

ಕರ್ನೇಲಪ್ಪನಿಗೆ ಬಹಳ ವರ್ಷ ಮಕ್ಕಳಿರಲಿಲ್ಲ. ಕಡೆಗೊಂದು ಗಂಡುಕೂಸು ಹುಟ್ಟಿತು. ಬರುವ ಭಾನುವಾರವೇ ದೀಕ್ಷಾಸ್ನಾನ ಮಾಡಿಸೋಣವೆಂದು ಹೆಂಡತಿ ಲೋವಿಸಮ್ಮ ಹೇಳಿದಳು. ಅವನು ಒಪ್ಪಲಿಲ್ಲ. ಸುಗ್ಗಿಯ ಹೊತ್ತಿಗೆ ಮಿಷನ್ನಿನ ಬಿಳಿಯ ದೊರೆಗಳು ಬರುತ್ತಾರೆ, ಅವರ ಕೈಯಿಂದಲೇ ಆಗಲಿ ಎಂದ. ನಾಲ್ಕು ಜನರ ಮುಂದೆ ಅದು ದೊಡ್ಡಸ್ತಿಕೆಯ ಮಾತು. ಹೊಟ್ಟೆಯೊಳಗಿದ್ದದ್ದು ಬೇರೆ: ತೊಗಲು ಮುಟ್ಟಿದ ಕೈ ತನ್ನ ಮಗನ ತಲೆ ಮುಟ್ಟಬಾರದು. ಲೋವಿಸಮ್ಮನಿಗೆ ಇದು ತಿಳಿದಿತ್ತು. ಸಿಮೆಯೋನಯ್ಯನವರಿಗೂ ತಿಳಿಯದೆ ಇರಲಿಲ್ಲ. ಅವರು ದಿನವೂ ಆ ಮನೆಯ ಹೊಸ್ತಿಲ ಹೊರಗೆ ನಿಂತು ಕೂಸಿಗಾಗಿ ಪ್ರಾರ್ಥಿಸಿ, ಏನೂ ಆಡದೆ ಮುಂದೆ ಹೋಗುತ್ತಿದ್ದರು.

ಸುಗ್ಗಿ ಮುಗಿದರೂ ದೊರೆಗಳ ಚಕ್ಕಡಿ ಬರಲಿಲ್ಲ. ಜ್ವರ ಬಂತು. ಒಂದು ಮಧ್ಯಾಹ್ನ ಕೂಸು ಸೆಟೆದುಕೊಳ್ಳತೊಡಗಿದಾಗ ಅಯ್ಯನವರನ್ನು ಕರೆಯಿರೆಂದು ಲೋವಿಸಮ್ಮ ಗಂಡನ ಕಾಲು ಹಿಡಿದಳು. ಅಯ್ಯನವರ ಮನೆ ಓಣಿಯ ಆಚೆಗೇ ಇತ್ತು. ಸಂಜೆಯವರೆಗೆ ನೋಡೋಣ ಎಂದು ಅವನು ಬಾಗಿಲಲ್ಲೇ ನಿಂತ. ಆಪತ್ತಿನಲ್ಲಿ ಯಾವ ವಿಶ್ವಾಸಿಯಾದರೂ ನೀರು ಹಾಕಬಹುದೆಂದು ಬಾಲ್ಯದಲ್ಲಿ ಕಲಿತದ್ದು ಗಾಬರಿಯಲ್ಲಿ ಇಬ್ಬರಿಗೂ ನೆನಪಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೂಸು ತಣ್ಣಗಾಗಿತ್ತು. ಅಯ್ಯೋ, ಎಂಥ ಮನುಷ್ಯನಪ್ಪ ಎಂದು ನಾವು ಈಗ ಸುಲಭವಾಗಿ ಅಂದುಬಿಡಬಹುದು.

ದೀಕ್ಷಾಸ್ನಾನವಾಗದ ಕೂಸಿಗೆ ಗಂಟೆ ಬಾರಿಸುವುದಿಲ್ಲ, ಸಮಾಧಿತೋಟದಲ್ಲಿ ಜಾಗವಿಲ್ಲ, ಕಳ್ಳಿಬೇಲಿಯ ಆಚೆ ಮಣ್ಣು ಮಾಡಬೇಕು ಎಂಬುದು ಆ ಸಭೆಯ ಕಟ್ಟಳೆ. ಎರಡು ವರ್ಷದ ಹಿಂದೆ ಹುಲ್ಲು ಮಾರುವ ರೂತಮ್ಮನ ಕೂಸು ಸತ್ತಾಗ ಅಯ್ಯನವರು ಪರವೂರಿನಲ್ಲಿದ್ದರು. ಅಂದು ಕಟ್ಟಳೆಯೆಂದರೆ ಕಟ್ಟಳೆ ಎಂದು ಪಟ್ಟು ಹಿಡಿದು ಆ ಕೂಸನ್ನು ಬೇಲಿಯಾಚೆ ಕಳಿಸಿದವನು ಇದೇ ಕರ್ನೇಲಪ್ಪ. ಈಗ ಯಾವ ಬಾಯಿಂದ ಜಾಗ ಕೇಳುವುದು? ಮರುದಿನ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿದ ಮಗನನ್ನು ಎತ್ತಿಕೊಂಡು, ತಲೆ ತಗ್ಗಿಸಿ, ತಾನೇ ಬೇಲಿಯ ಕಡೆ ಹೊರಟ. ಲೋವಿಸಮ್ಮ ಹಿಂದೆ ಹಿಂದೆ ಬಂದಳು. ಅಳುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಆಗ ದೇವಾಲಯದ ಗಂಟೆ ಮೊಳಗಿತು.

ಹಗ್ಗ ಜಗ್ಗುತ್ತಿದ್ದವರು ಸಿಮೆಯೋನಯ್ಯನವರು. ಅವರ ನಿಲುವಂಗಿ ಮೊಣಕಾಲವರೆಗೆ ಮಣ್ಣಾಗಿತ್ತು. ಸಮಾಧಿತೋಟದಲ್ಲಿ, ತೀರಿಹೋದ ತಮ್ಮ ಪತ್ನಿಯ ಪಕ್ಕದಲ್ಲಿ, ಸಭೆಯು ಅವರಿಗೆಂದೇ ಬಿಟ್ಟಿದ್ದ ಜಾಗದಲ್ಲಿ ಅವರು ಗುಂಡಿ ತೋಡಿ ಮುಗಿಸಿದ್ದರು. ಅವರು ಹಗ್ಗ ಬಿಟ್ಟು ಬಂದು ಕರ್ನೇಲಪ್ಪನನ್ನು ಆ ಗುಂಡಿಯ ಹತ್ತಿರ ಕರೆದೊಯ್ದಾಗ ಉಳಿದ ಹಿರಿಯರು ಓಡಿ ಬಂದು ಕಟ್ಟಳೆಯ ಮಾತೆತ್ತಿದರು.

"ಈ ಜಾಗ ನೀವು ನನಗ ಕೊಟ್ಟದ್ದು. ನಾ ಈ ಕೂಸಿಗೆ ಕೊಟ್ಟೀನಿ," ಎಂದರು ಅಯ್ಯನವರು.

ಹಾಗಾದರೆ ನಾಳೆ ನಿಮಗೆ ಜಾಗವೆಲ್ಲಿ ಎಂದು ಒಬ್ಬರು ಕೇಳಿದರು.

"ಬೇಲಿಯಾಚೆ ರೂತಮ್ಮನ ಕೂಸು ಒಂಟಿ ಮಲಗೈತಿ. ಅದರ ಹತ್ರ ಯಾರಾರ ಇರಬೇಕಲ್ಲ."

 ಲೋವಿಸಮ್ಮ ಮುಂದೆ ಬಂದು, ನೀರು ಬೀಳದ ಕೂಸನ್ನು ಕರ್ತನು ಒಳಗೆ ಕರೆದುಕೊಳ್ಳುತ್ತಾನೆಯೇ ಎಂದು ಕೇಳಿದಳು. ಅಯ್ಯನವರು ಅವಳ ಕಡೆ ತಿರುಗಿದರು.

"ನೀ ಅತ್ತದ್ದನ್ನ ಕರ್ತ ಪ್ರಾರ್ಥನೆ ಅಂತನ ಕೇಳ್ಯಾನವ್ವಾ. ಕೂಸು ಒಳಗೈತಿ."

ಕರ್ನೇಲಪ್ಪ ತಾನೇ ಗುಂಡಿಗಿಳಿದು ಮಗನನ್ನು ಮಲಗಿಸಿದ. ಮಲಗಿಸಿದವನು ಮೇಲೆ ಬರಲಿಲ್ಲ. ಎದೆಮಟ್ಟದ ಗುಂಡಿಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ. ಸಿಮೆಯೋನಯ್ಯನವರು ಅಂಚಿನಲ್ಲಿ ಮಂಡಿಯೂರಿ ಕೈ ಚಾಚಿದರು. ದಬ್ಬಳ ಚುಚ್ಚಿ ಚುಚ್ಚಿ ಗಂಟುಗಟ್ಟಿದ, ಕೆಮ್ಮಣ್ಣು ಮೆತ್ತಿದ ಕೈ. ಅದನ್ನು ನೋಡಿದ್ದೇ ತಡ, ಕರ್ನೇಲಪ್ಪನ ಬಾಯಿಂದ ಇಷ್ಟು ದಿನ ಮುಚ್ಚಿಟ್ಟದ್ದು ಎಲ್ಲರ ಮುಂದೆ ಹೊರಬಿತ್ತು.

"ಈ ಕೈ ಬ್ಯಾಡ ಅಂದಿದ್ದೆ ನಾನು, ಅಯ್ಯನವರ. ಅದಕ್ಕ ತಡ ಮಾಡಿದೆ."

"ನನಗ ಗೊತ್ತಿತ್ತು, ಕರ್ನೇಲಾ. ಈಗ ಹಿಡಿ."

ಅವನು ಎರಡೂ ಕೈಯಿಂದ ಆ ಕೈ ಹಿಡಿದುಕೊಂಡು ಮೇಲೆ ಬಂದ. ಬಂದ ಮೇಲೂ ಬಿಡಲಿಲ್ಲವಂತೆ; ಅಯ್ಯನವರು ಒಂದೇ ಕೈಯಲ್ಲಿ ಪುಸ್ತಕ ಹಿಡಿದು ಪ್ರಾರ್ಥನೆ ಓದಬೇಕಾಯಿತು.

ಕರ್ನೇಲಪ್ಪನ ಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟಲಿಲ್ಲ. ಕೆಲವು ವರ್ಷಗಳ ನಂತರ ಸಿಮೆಯೋನಯ್ಯನವರು ಕರ್ತನಲ್ಲಿ ನಿದ್ರೆಹೋದಾಗ ದೊರೆಗಳೇ ಬಂದು, ಪಾಲಕರನ್ನು ಬೇಲಿಯಾಚೆ ಇಡುವುದು ಸಲ್ಲದು ಎಂದರು. ಕರ್ನೇಲಪ್ಪ, ಅಯ್ಯನವರು ಮಾತು ಕೊಟ್ಟಿದ್ದಾರೆ ಎಂದಷ್ಟೇ ಹೇಳಿ ಗುದ್ದಲಿ ತೆಗೆದುಕೊಂಡು ರೂತಮ್ಮನ ಕೂಸಿನ ಮಗ್ಗುಲಲ್ಲಿ ಅಗೆಯತೊಡಗಿದ. ಅವರ ದೇಹವನ್ನು ತೊಳೆದವನೂ ಅವನೇ. ಮುದುಕನಾಗಿ ಹಾಸಿಗೆ ಹಿಡಿದ ಮೇಲೆ ಅವನು ಸಭೆಯ ಹಿರಿಯರನ್ನು ಕರೆಸಿ, ಒಳಗೆ ಮಗನ ಹತ್ತಿರ ಲೋವಿಸಮ್ಮನನ್ನು ಮಲಗಿಸಿರಿ, ನನ್ನನ್ನು ಅಯ್ಯನವರ ಬಲಗೈಯ ಬದಿಗೆ ಇಡಿರಿ ಎಂದು ಬೇಡಿಕೊಂಡ.

ಹಾಗೆಯೇ ಮಾಡಿದರು. ಈಸ್ಟರ್ ಬೆಳಗಿನ ಪ್ರಾರ್ಥನೆಗೆ ಸಮಾಧಿತೋಟಕ್ಕೆ ಬರುವ ಕರಡಿಗೇರಿಯ ಸಭೆ ಇಂದಿಗೂ ಮೊದಲು ಬೇಲಿಯಾಚೆ ಹೋಗುತ್ತದೆ.