ಕುಡುಕನ ಬಂಡೆ

ಕಡವಿನಕೇರಿಯ ಅಳಿವೆಯ ಬಾಯಲ್ಲಿ, ನೀರು ಇಳಿದಾಗ ಮಾತ್ರ ತಲೆ ತೋರುವ ಕಪ್ಪು ಕಲ್ಲೊಂದಿದೆ. ದೋಣಿಯವರಿಂದ ಹಿಡಿದು ಸರ್ಕಾರದ ನಕ್ಷೆಯವರೆಗೆ ಎಲ್ಲರಿಗೂ ಅದು ಕುಡುಕನ ಬಂಡೆ. ಆ ಹೆಸರು ಬಂದದ್ದು ಜಟ್ಟಿ ಹರಿಕಂತ್ರನಿಂದ. ಅವನು ಹೆಂಡ ಮುಟ್ಟಿದವನೇ ಅಲ್ಲ ಎಂಬುದನ್ನು ಊರ ಹಿರಿಯರು ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ.

ಹಿಂದೆ ಒಮ್ಮೆ, ಆಗಬೋಟುಗಳು ಎಂಬ ಉಗಿಹಡಗುಗಳು ಈ ಬಂದರಿಗೆ ಬರುತ್ತಿದ್ದ ಕಾಲದಲ್ಲಿ, ಅಳಿವೆಯೊಳಗೆ ಅವುಗಳಿಗೆ ದಾರಿ ತೋರಿಸುವುದು ಜಟ್ಟಿಯ ಕೆಲಸವಾಗಿತ್ತು. ಮಳೆಗಾಲಕ್ಕೆ ಮುಂಚಿನ ಕೊನೆಯ ಆಗಬೋಟು ‘ಜಲಮಂಗಳೆ’ ಒಂದು ಬೆಳಗ್ಗೆ ಜನರನ್ನು ಕಿಕ್ಕಿರಿಯುವಂತೆ ತುಂಬಿಕೊಂಡು ಬಂತು. ಜಟ್ಟಿ ಹತ್ತಿ ನೋಡಿದರೆ ನೀರು ಇಳಿಯುತ್ತಿತ್ತು. “ಭರತದ ನೀರು ಏರುವ ತನಕ ಹೊರಗೇ ನಿಲ್ಲಿಸಿ ಸಾಹೇಬರೇ, ಕೆಳಗೆ ಕಲ್ಲಿದೆ” ಎಂದು ಕೈಮುಗಿದ. ಕಪ್ತಾನನಿಗೆ ಮುಂದಿನ ಬಂದರಿನ ಆತುರ. ಜಟ್ಟಿಯನ್ನು ಪಕ್ಕಕ್ಕೆ ತಳ್ಳಿ ತಾನೇ ಚುಕ್ಕಾಣಿ ಹಿಡಿದ. ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಜಟ್ಟಿಯ ಹೆಂಡತಿ ಸಾವಂತ್ರಿಯ ಕಣ್ಣೆದುರೇ ಹಡಗಿನ ತಳ ಆ ಕಲ್ಲಿಗೆ ತಾಗಿ ಹರಿಯಿತು. ಅರವತ್ತು ಜನ ನೀರುಪಾಲಾದರು. ಜಟ್ಟಿ ತನ್ನ ದೋಣಿಯಲ್ಲಿ ಮೂರು ಸಲ ಜನರನ್ನು ತುಂಬಿ ತಂದ; ಮೂರನೆಯ ಸಲ ತಂದವರಲ್ಲಿ ಕಪ್ತಾನನೂ ಇದ್ದ. ನಾಲ್ಕನೆಯ ಸಲ ದೋಣಿ ಮಗುಚಿತು. ಅವನನ್ನೇ ಬೇರೆಯವರು ಎಳೆದು ತಂದಾಗ ಮೈ ಮರಗಟ್ಟಿತ್ತು. ಸಾವಂತ್ರಿ ನೆರೆಮನೆಯ ಸಾರಾಯಿ ತಂದು, ಕಚ್ಚಿದ ಹಲ್ಲು ಬಿಡಿಸಿ ಬಾಯಿಗೆ ಹುಯ್ದಳು. ಅವನು ಕಣ್ಣು ಬಿಟ್ಟ. ಆಗಲೇ ಬಂದ ಬಂದರಿನ ಅಧಿಕಾರಿ, ಬಗ್ಗಿ ಅವನ ಬಾಯಿ ಮೂಸಿದ.

ವಿಚಾರಣೆಯಲ್ಲಿ ಕಪ್ತಾನನಿಗೆ ಅಷ್ಟೇ ಸಾಕಾಯಿತು. ದಾರಿ ತೋರಿಸುವವನು ಕುಡಿದು ಬಂದಿದ್ದ ಎಂದ. “ಕುಡಿಸಿದವಳು ನಾನು, ಅದೂ ಹಡಗು ಮುಳುಗಿದ ಮೇಲೆ!” ಎಂದು ಸಾವಂತ್ರಿ ಕೂಗಿದಳು. ಹೆಂಡತಿಯ ಮಾತೆಂದು ಯಾರೂ ಬರೆದುಕೊಳ್ಳಲಿಲ್ಲ. ಅವಳು ಊರವರ ಕಡೆ ತಿರುಗಿದಳು. ಜಟ್ಟಿಯ ದೋಣಿಯಲ್ಲಿ ಬದುಕಿ ಬಂದವರೇ ಹದಿನೇಳು ಮಂದಿ ಅಲ್ಲಿದ್ದರು. ಕಪ್ತಾನನ ವಿರುದ್ಧ ಬಾಯಿ ಬಿಟ್ಟರೆ ಆಗಬೋಟು ಇನ್ನು ಈ ಬಂದರಿಗೆ ಬರುವುದಿಲ್ಲ ಎಂದು ಅವರಿಗೆ ಮೊದಲೇ ತಿಳಿಸಲಾಗಿತ್ತಂತೆ. ಹದಿನೇಳೂ ಮಂದಿ ನೆಲ ನೋಡಿದರು.

ಜಟ್ಟಿಗೆ ಎರಡು ವರ್ಷ ಸೆರೆಯಾಯಿತು. ಮರಳಿ ಬಂದವನು ಮತ್ತೆ ದೋಣಿ ಹತ್ತಲಿಲ್ಲ, ಬೇಗನೆ ಸತ್ತ. ಹೆಣ ಹೊರಲು ಅದೇ ಜನ ಬಂದಾಗ ಸಾವಂತ್ರಿ ಬಾಗಿಲಿಗೆ ಅಡ್ಡ ನಿಂತು, “ಅಂದು ಏಳದ ನಾಲಿಗೆಯವರ ಹೆಗಲು ನನಗೆ ಬೇಡ” ಎಂದಳು. ತಮ್ಮನ ಜೊತೆ ಸೇರಿ ತಾನೇ ಹೊತ್ತಳು. ಆಗಬೋಟೂ ಹೆಚ್ಚು ಕಾಲ ಬರಲಿಲ್ಲ. ಅಳಿವೆಯಲ್ಲಿ ಹೂಳು ತುಂಬಿ ಬಂದರು ತಾನಾಗಿಯೇ ಮುಚ್ಚಿತು ಎನ್ನುತ್ತಾರೆ.

ಈಗಲೂ ಇಳಿತದ ಹೊತ್ತಿಗೆ ಬಂಡೆಯ ಮಗ್ಗುಲಲ್ಲಿ ತುಕ್ಕು ಹಿಡಿದ ಹಡಗಿನ ಪಕ್ಕೆಲುಬುಗಳು ಕಾಣುತ್ತವೆ. ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುವ ದೋಣಿಯವರು, ಕುಡುಕನೊಬ್ಬ ಹಡಗು ಮುಳುಗಿಸಿದ ಕಥೆಯನ್ನು ತೂರಾಡಿ ಅಭಿನಯಿಸಿ ನಗಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಆ ಹದಿನೇಳು ಮಂದಿಯ ಮೊಮ್ಮಕ್ಕಳು.